ಇಪ್ಪತ್ತೊಂದು ಡಿಗ್ರಿ

ಸೊಹಾರಿನ ಈ ಲ್ಯಾಬಿನಲ್ಲಿ ಆಗಸ್ಟಿನಲ್ಲೂ ಚಳಿ.
ಗೋಡೆಯ ಮೇಲೆ ಇಪ್ಪತ್ತೊಂದು, ಗಾಜಿನಾಚೆ ನಲವತ್ತೇಳು.
ನನ್ನ ಡ್ರಾಯರಿನಲ್ಲಿ ಬೆಳ್ಮಣ್ಣಿನ ಗಾಣದ ಎಣ್ಣೆ
ಬಿಳಿ ಕಲ್ಲಾಗಿ ಕೂತಿದೆ.
ಚಮಚದ ಹಿಡಿಯಿಂದ ಕೆರೆದು ತೆಗೆದರೆ
ಅಂಗೈಯ ಬಿಸಿಗೆ ಮರಳಿ ನೀರು.

ಮಾರಿಸೆಲ್ ಕೇಳುತ್ತಾಳೆ, ಮೇಣವಾ ಇದು, ಮುಲಾಮಾ?
ಎಣ್ಣೆ ಮಾರಾಯ್ತಿ, ಬರೀ ತೆಂಗಿನೆಣ್ಣೆ.
ನೆಟ್ಟಗಿನ ಬಾಲಗಳ ಜಾತಿ ಇದರದ್ದು,
ತಣ್ಣಗಾದದ್ದೇ ಒಂದಕ್ಕೊಂದು ಒತ್ತಿ ನಿಲ್ಲುತ್ತವೆ,
ಕಂಪನಿ ಬಸ್ಸಿನಲ್ಲಿ ಬೆಳಗಿನ ಪಾಳಿಯವರ ಹಾಗೆ.
ಬೂತಾಯಿಯ ಎಣ್ಣೆ ನೋಡು, ಅದರ ಬಾಲ ನಾಲ್ಕೈದು ಕಡೆ ಸೊಟ್ಟ.
ಮೊಣಕಾಲು ಚಾಚಿ ಕೂತವನ ಪಕ್ಕ
ಯಾರು ತಾನೇ ಒತ್ತಿ ಕೂರುತ್ತಾರೆ?
ಅದಕ್ಕೇ ಅದು ಫ್ರಿಜ್ಜಿನಲ್ಲೂ ಹರಿಯುತ್ತದೆ.

ಹನ್ನೊಂದೂಕಾಲಿಗೆ ಒಂದು ಟ್ಯೂಬು ಬಂತು, ತುರ್ತು.
ರಾಮ್‌ದರಸ್, ಮೂವತ್ತೊಂದು, ಸ್ಕ್ಯಾಫೋಲ್ಡಿಂಗ್.
ಚೀಟಿಯಲ್ಲಿ ಮೈಬಿಸಿ: ನಲವತ್ತೊಂದು ಬಿಂದು ಆರು.

ಯಂತ್ರ ರಕ್ತವನ್ನು ಗಿರಗಿರ ತಿರುಗಿಸುವ ಹತ್ತು ನಿಮಿಷ
ನನಗೆ ಮಾಡಲು ಕೆಲಸವಿಲ್ಲ.
ಕಳೆದ ವರ್ಷ ತಪಾಸಣೆಗೆಂದು ಅವರ ಕ್ಯಾಂಪಿಗೆ ಹೋಗಿದ್ದೆ.
ಉದ್ದ ಕೋಣೆ, ಎರಡು ಸಾಲು ಹಾಸಿಗೆ,
ತಲೆಗಳು ಅತ್ತ ಗೋಡೆಗೆ, ಇತ್ತ ಗೋಡೆಗೆ,
ಕಾಲುಗಳು ನಡುವೆ ಎದುರುಬದುರು.
ತಲೆಯ ಬಳಿಯೆಲ್ಲ ನೀರಿನ ಬಾಟ್ಲಿ.
ಜೀವಕೋಶದ ಪೊರೆ ಅಂದರೆ ಇಷ್ಟೇ,
ನೀರು ಬೇಕೆನ್ನುವ ತಲೆ, ಬೇಡವೆನ್ನುವ ಕಾಲು.
ಯಾರನ್ನೂ ಯಾರಿಗೂ ಕಟ್ಟಿಹಾಕಿಲ್ಲ,
ಮೊಳೆಯಿಲ್ಲ, ಗಾರೆಯಿಲ್ಲ.
ಅಷ್ಟು ಕಾಲುಗಳ ಒಂದೇ ಹಟದ ಮೇಲೆ
ಇಡೀ ಮೈ ನಿಂತಿದೆ.

ಆ ಪೊರೆಯಲ್ಲಿ ಅಲ್ಲಲ್ಲಿ ಬಾಗಿಲು. ಬಾಗಿಲು ಬೇರೆ ಕುಲ.
ನನಗೆ ಶಾಲೆಯಲ್ಲಿ ತಿದ್ದಿಸಿದ ಅಕ್ಷರ ನಲವತ್ತೊಂಬತ್ತು,
ಮೈಗೆ ಇಪ್ಪತ್ತೇ ಸಾಕು.
ಒತ್ತಿಲ್ಲದೆ ದೀರ್ಘವಿಲ್ಲದೆ ಉದ್ದಕ್ಕೆ ಪೋಣಿಸಿದ ಸಾಲು,
ಓದಿದರೆ ಅರ್ಥವಾಗುವುದಿಲ್ಲ, ಮಡಚಿದರೆ ಆಗುತ್ತದೆ.
ಒಂದು ಮಡಿಕೆ ಬಾಗಿಲಾಗುತ್ತದೆ, ಒಂದು ಕತ್ತರಿ,
ಇನ್ನೊಂದು, ಉಸಿರನ್ನು ಹೊತ್ತು ನಡೆಯುವ ಹಮಾಲಿ.
ಬಿಸಿ ಏರಿದರೆ ಮಡಿಕೆ ಬಿಚ್ಚುತ್ತದೆ.
ಅಕ್ಷರ ಒಂದೂ ಕಳೆದಿರುವುದಿಲ್ಲ,
ಮಾತು ಮಾತ್ರ ಇರುವುದಿಲ್ಲ.
ಕ್ಯಾಂಟೀನಿನ ಇದಿನಬ್ಬ ದಿನಾ ನೂರಿಪ್ಪತ್ತು ಮೊಟ್ಟೆಗೆ
ಇದನ್ನೇ ಮಾಡುತ್ತಾನೆ.

ಫಲಿತಾಂಶ ಬಂತು.
ಇನ್ನೂರರೊಳಗೆ ಇರಬೇಕಾದದ್ದು ಹದಿನಾಲ್ಕು ಸಾವಿರದ ಆರುನೂರು.
ಯಂತ್ರ ತಪ್ಪಿರಬೇಕೆಂದು ಮತ್ತೆ ಓಡಿಸಿದೆ. ತಪ್ಪಿರಲಿಲ್ಲ.
ಸ್ನಾಯುವಿನ ಒಳಗೆ ದುಡಿಯಬೇಕಾದವರೆಲ್ಲ
ಪೊರೆ ಹರಿದು ಬೀದಿಗೆ ಬಂದಿದ್ದರು.
ವಾರ್ಡಿಗೆ ಫೋನು ಮಾಡಿದೆ. ಅತ್ತಲಿಂದ ಡಾಕ್ಟರ್ ಶೈಖಾ,
"ಮೂತ್ರ ಸುಲೈಮಾನಿ ಚಹಾದ ಬಣ್ಣ. ಗೊತ್ತಾಯಿತು, ಥ್ಯಾಂಕ್ಸ್."

ಬಿಸಿ ಏರಿದಾಗಲೇ ಗುಂಪುಗೂಡಿ ಬರುವ ಕೆಲವರಿದ್ದಾರೆ ಒಳಗೆ,
ಬಿಚ್ಚಿಹೋದ ಎಳೆಯನ್ನು ಹಿಡಿದು, ಗೋಜಲಾಗದಂತೆ ಮರೆಮಾಡಿ,
ಮತ್ತೆ ಮಡಚಿಕೊಳ್ಳಲು ಬಿಡುವವರು.
ಪುಸ್ತಕದಲ್ಲಿ ಅವರಿಗೆ ಹೆಸರಿಲ್ಲ, ನಂಬರು.
ಎಪ್ಪತ್ತು. ತೊಂಬತ್ತು.

ಹೊರಗಿನ ಬೆಂಚಿನ ಮೇಲೆ ಇಬ್ಬರು.
ಹಗ್ಗ ಕಟ್ಟಿ ಅವನನ್ನು ಕೆಳಗಿಳಿಸಿದವರು,
ಕುಡಿಯುವ ನೀರನ್ನೆಲ್ಲ ಅವನ ಮೈಗೆ ಸುರಿದು
ಬಾಯಾರಿ ಕೂತಿದ್ದರು.
ಎರಡು ಲೋಟ ಕೊಟ್ಟು ಹೆಸರು ಕೇಳಿದೆ.
ಒಬ್ಬ ಕುಡಿಯುತ್ತಲೇ ಎದೆಯ ಬ್ಯಾಡ್ಜನ್ನು ನನ್ನತ್ತ ತಿರುಗಿಸಿದ.
ನಾಲ್ಕು ಅಂಕಿ.

ಪಾಳಿ ಮುಗಿಸಿ ಕಾರಿನಲ್ಲಿ ಕೂತೆ, ಪಕ್ಕದ ಸೀಟಿನಲ್ಲಿ ಎಣ್ಣೆ.
ಫಲಜ್ ವೃತ್ತ ದಾಟುವುದರೊಳಗೆ
ಅಂಚಿನಿಂದ ಕರಗಲು ಶುರುವಾಗಿ, ನಡುವೆ ಒಂದು ಬಿಳಿ ಗುಡ್ಡೆ
ತೇಲುತ್ತಿತ್ತು.
ನಾಳೆ ಬೆಳಗ್ಗೆ ಆರಕ್ಕೆ
ಅದೇ ಹೆಸರಿನ ಇನ್ನೊಂದು ಟ್ಯೂಬು ಬರಬೇಕು.
ಬರಬೇಕು.